ನಾಲ್ಕು ಮಡ್‌ಗಾರ್ಡುಗಳು

ನನ್ನ ಕಸುಬು ಹಲ್ಲು ಕಟ್ಟುವುದು. ಡಾಕ್ಟರು ನಾನಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ನನ್ನ ಕೋಣೆಯಲ್ಲಿ ಕೂತು ಆ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಮೇಣ ಮೆತ್ತಿ, ಹಲ್ಲಿನ ಸೆಟ್ಟು ಮಾಡಿ ವಾಪಸ್ಸು ಕಳಿಸುತ್ತೇನೆ. ಬೀದಿಯವರು ನನ್ನನ್ನು ಹಲ್ಲಿನಕ್ಕ ಎನ್ನುತ್ತಾರೆ. ಈ ಊರಿನಲ್ಲಿ ಅರವತ್ತು ದಾಟಿದವರು ಯಾರಾದರೂ ನಕ್ಕರೆ ನಾನು ಅವರ ಮುಖ ನೋಡುವುದಿಲ್ಲ, ನನ್ನ ಕೆಲಸ ನೋಡುತ್ತೇನೆ. ಈ ಜಂಬ ನನಗೆ ಮೊದಲಿನಿಂದಲೂ ಇದೆ. ಈಗ ಹೇಳಹೊರಟಿರುವುದು ಆ ಜಂಬದಿಂದ ಆದ ಅನಾಹುತವನ್ನು, ಹಾಗಾಗಿ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಅಣ್ಣ ಫರ್ನಿಚರ್ ಫ್ಯಾಕ್ಟರಿಯಲ್ಲಿ ಮರ ಕೊಯ್ಯುವವನು. ಮೂವತ್ತೊಂದು ವರ್ಷದಿಂದ ಒಂದೇ ಗರಗಸದ ಮೆಷಿನ್ನಿನ ಮುಂದೆ ನಿಂತಿದ್ದಾನೆ. ಕುರ್ಚಿಯ ಬೆನ್ನಿನ ಬಾಗನ್ನು ಪೆನ್ಸಿಲ್ ಗೆರೆ ಎಳೆಯದೆ, ಬರೀ ಕಣ್ಣಂದಾಜಿನಲ್ಲಿ ಕೊಯ್ಯುತ್ತಿದ್ದ. ಒಂದರ ಮೇಲೊಂದು ಇಟ್ಟರೆ ಹನ್ನೆರಡು ತುಂಡೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರುತ್ತಿರಲಿಲ್ಲ. ಅದರಲ್ಲಿ ಅವನದು ಎತ್ತಿದ ಕೈ. ನನಗೆ ಕೈಕೆಲಸದ ಹುಚ್ಚು ಹತ್ತಿದ್ದೇ ಅವನನ್ನು ನೋಡಿ.

ಆ ಫ್ಯಾಕ್ಟರಿಯಲ್ಲಿ ವರ್ಷಕ್ಕೊಮ್ಮೆ ಕಾರಿನ ಓಟ ನಡೆಯುತ್ತದೆ. ಕಾರು ಎಂದರೆ ಉಳಿದ ಮರದ ತುಂಡಿನಲ್ಲಿ ಕೆತ್ತಿದ, ಗೇಣುದ್ದದ ಕಾರು. ಇಂಜಿನ್ ಇಲ್ಲ, ಕೀಲಿ ಇಲ್ಲ, ನೂಕುವ ಹಾಗೂ ಇಲ್ಲ. ಅಂಗಳದಲ್ಲಿ ಆಳೆತ್ತರದಿಂದ ನೆಲದವರೆಗೆ ಹಲಗೆಯ ಇಳಿಜಾರು ಹಾಕುತ್ತಾರೆ. ತುದಿಯಲ್ಲಿ ಕಾರು ಇಟ್ಟು ಅಡ್ಡಪಟ್ಟಿ ಎತ್ತಿದರೆ ತನ್ನ ಭಾರಕ್ಕೆ ತಾನೇ ಉರುಳಬೇಕು. ಪ್ರತಿ ವಿಭಾಗಕ್ಕೂ ಒಂದು ಕಾರು. ನೂರೈವತ್ತು ಗ್ರಾಂ ಮೀರಿದರೆ ಆಟದಿಂದ ಹೊರಗೆ. ವರ್ಷವೆಲ್ಲ ಮುಖ ಗಂಟಿಕ್ಕಿಕೊಂಡು ಮಂಚ, ಕುರ್ಚಿ ಮಾಡುವ ಗಂಡಸರು ಆ ಒಂದು ತಿಂಗಳು ಮಕ್ಕಳಿಗಿಂತ ಕಡೆಯಾಗುತ್ತಾರೆ. ಕಾರಿನ ಚಕ್ರವನ್ನು ಜೇಬಿನಲ್ಲಿಟ್ಟುಕೊಂಡು ಮದುವೆ ಮನೆಗೆ ಬಂದವರನ್ನು ನಾನೇ ನೋಡಿದ್ದೇನೆ.

ಹಿಂದಿನ ವರ್ಷದ ಓಟದಲ್ಲಿ ಪಾಲಿಶ್ ವಿಭಾಗದ ಕಾರಿನ ಚಕ್ರ ಕಳಚಿ ಹಾರಿ, ನೋಡುತ್ತಾ ನಿಂತಿದ್ದವನೊಬ್ಬನ ಹುಬ್ಬು ಸೀಳಿತ್ತು. ಅದಕ್ಕೇ ಈ ವರ್ಷ ಹೊಸ ನಿಯಮ ಬಂತು: ಪ್ರತಿ ಕಾರಿನ ನಾಲ್ಕು ಚಕ್ರಕ್ಕೂ ಮಡ್‌ಗಾರ್ಡ್ ಇರಬೇಕು, ಅದೂ ಮರದ್ದೇ ಆಗಿರಬೇಕು. ಕೇಳುವುದಕ್ಕೆ ಸುಲಭ. ಆದರೆ ಹೆಬ್ಬೆರಳಿನಷ್ಟು ಅಗಲದ ಚಕ್ರದ ಮೇಲೆ ಮರದ ಕಮಾನು ಕೂರಿಸುವುದು ಹುಡುಗಾಟವಲ್ಲ. ಚಕ್ರಕ್ಕೆ ತಾಗಿದರೆ ಕಾರು ಅರ್ಧದಲ್ಲೇ ನಿಲ್ಲುತ್ತದೆ. ದೂರ ಇಟ್ಟರೆ ಅಸಹ್ಯವಾಗಿ ಕಾಣುತ್ತದೆ. ದಪ್ಪ ಮಾಡಿದರೆ ತೂಕ ಮೀರುತ್ತದೆ, ತೆಳ್ಳಗೆ ಮಾಡಲು ಹೋದರೆ ಚಟ್ಟನೆ ಮುರಿಯುತ್ತದೆ.

ಅಷ್ಟು ಹೊತ್ತಿಗೆ ಅಣ್ಣನ ಕೈ ನಡುಗಲು ಶುರುವಾಗಿ ಒಂದು ವರ್ಷವಾಗುತ್ತಾ ಬಂದಿತ್ತು.

ಅದು ಗೊತ್ತಿದ್ದದ್ದು ಅತ್ತಿಗೆಗೆ ಮತ್ತು ನನಗೆ. ಅವನ ಅಂಗಿಯ ಗುಂಡಿ ಅತ್ತಿಗೆಯೇ ಹಾಕುತ್ತಿದ್ದಳು. ಟೀಯನ್ನು ಅರ್ಧ ಲೋಟ ಮಾತ್ರ ಕೊಡುತ್ತಿದ್ದಳು. ಡಾಕ್ಟರ ಹತ್ತಿರ ಹೋಗು ಎಂದರೆ ಅವನು ಹೋಗುತ್ತಿರಲಿಲ್ಲ. ಡಾಕ್ಟರು ಚೀಟಿ ಬರೆದರೆ ಅದು ಫ್ಯಾಕ್ಟರಿಗೆ ತಲುಪುತ್ತದೆ, ತಲುಪಿದರೆ ತನ್ನನ್ನು ಪ್ಯಾಕಿಂಗಿಗೆ ಹಾಕುತ್ತಾರೆ ಎನ್ನುತ್ತಿದ್ದ. ಪ್ಯಾಕಿಂಗ್ ಎಂದರೆ ಹಿತ್ತಲ ಕಡೆಯ ಉದ್ದನೆಯ ಕೋಣೆ. ಬೇರೆಯವರು ಮಾಡಿದ ಕುರ್ಚಿಗೆ ಕಾಗದ ಸುತ್ತಿ ದಾರ ಕಟ್ಟುವುದು ಅಲ್ಲಿನ ಕೆಲಸ. ವಯಸ್ಸಾದವರೂ ಕಣ್ಣು ಮಂಜಾದವರೂ ಅಲ್ಲಿರುತ್ತಾರೆ. ಅಲ್ಲಿಗೆ ಹೋಗುವುದಕ್ಕಿಂತ ಸಾಯುವುದು ವಾಸಿ ಎಂದು ಅಣ್ಣ ಒಂದಲ್ಲ, ಹತ್ತು ಸಲ ಹೇಳಿದ್ದ. ನಾನು ಅದನ್ನು ಬಾಯಿಮಾತು ಎಂದುಕೊಂಡಿರಲಿಲ್ಲ.

ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ. ಫ್ಯಾಕ್ಟರಿಯಲ್ಲೂ ಗುಸುಗುಸು ಎದ್ದಿತು. ಅವನ ವಿಭಾಗದ ಮೇಸ್ತ್ರಿ ಅವನಿಗಿಂತ ಚಿಕ್ಕವನು. ಒಂದು ಕಾಲಕ್ಕೆ ಅವನ ಕೈಕೆಳಗೇ ಕೆಲಸ ಕಲಿತವನು, ಈಗಲೂ ಅವನನ್ನು ಗುರುಗಳೇ ಎಂದೇ ಕರೆಯುವವನು. ನಾಲ್ಕು ಜನರ ಮುಂದೆ ಗುರುವನ್ನು ನಿಲ್ಲಿಸಿ ಎಲ್ಲಿ ಕೈ ಚಾಚಿ ನೋಡೋಣ ಎನ್ನಲು ಅವನಿಗೆ ಮನಸ್ಸು ಬರಲಿಲ್ಲ. ಅದರ ಬದಲು ಒಂದು ಉಪಾಯ ಹುಡುಕಿದ. ಕಾರಿನ ಮೈ ಹೋದ ವರ್ಷ ಅಣ್ಣ ಮಾಡಿದ್ದೇ ಇರಲಿ, ಮಡ್‌ಗಾರ್ಡನ್ನು ಮಾತ್ರ ಹೊಸದಾಗಿ ಮಾಡಲಿ, ಬೇರೆ ಯಾರ ಕೈಯೂ ತಾಗುವುದು ಬೇಡ ಎಂದ. ಆ ಕೆಲಸ ಸರಿಯಾಗಿ ಬಂದರೆ ಆಡಿಕೊಳ್ಳುವವರ ಬಾಯಿ ತಾನಾಗಿ ಮುಚ್ಚುತ್ತದೆ. ಬರದಿದ್ದರೆ ಗದ್ದಲವಿಲ್ಲದೆ ಪ್ಯಾಕಿಂಗಿಗೆ ಹೋಗಲಿ ಎಂಬುದು ಅವನ ಲೆಕ್ಕ. ನಾನು ಆಗ ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ಈಗ ಯೋಚಿಸಿದರೆ ಅವನ ಜಾಗದಲ್ಲಿದ್ದವರು ಅದಕ್ಕಿಂತ ಮರ್ಯಾದೆಯಾಗಿ ನಡೆದುಕೊಳ್ಳುವುದು ಸಾಧ್ಯವಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಣ್ಣ ನನ್ನ ಕೋಣೆಗೆ ಬಂದ. ಕೈಚೀಲದಿಂದ ಕಾರು ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಒಂದು ಕಾಗದದ ಪೊಟ್ಟಣ ಬಿಚ್ಚಿದ. ಅದರಲ್ಲಿ ಮುರಿದ ಮರದ ಚೂರುಗಳಿದ್ದವು. ಎಣಿಸಿದರೆ ಹದಿನಾಲ್ಕು ಪ್ರಯತ್ನ. ಒಂದೂ ಕಮಾನಾಗಿರಲಿಲ್ಲ. ಕೆಲವಕ್ಕೆ ಒಣಗಿದ ರಕ್ತ ಅಂಟಿತ್ತು. ಈ ಸಲ ಮರವೇ ಸರಿಯಿಲ್ಲ ಎಂದ. ಬೇರೆ ಯಾರಾದರೂ ಆಗಿದ್ದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೇಳಿ ನಗುತ್ತಿದ್ದೆ. ಅವನ ಮುಖ ನೋಡಿ ಚೂರುಗಳನ್ನು ಮತ್ತೆ ಪೊಟ್ಟಣ ಕಟ್ಟಿದೆ.

"ನೀನು ಮಾಡ್ಕೊಡು ಪುಟ್ಟಿ. ಯಾರಿಗೂ ಗೊತ್ತಾಗಲ್ಲ. ಇದೊಂದು ದಾಟಿಬಿಟ್ರೆ ಸಾಕು ನನಗೆ."

ಐವತ್ತೆರಡು ವರ್ಷದ ಮನುಷ್ಯ. ನನ್ನ ಮುಂದೆ ಯಾವತ್ತೂ ಏನನ್ನೂ ಕೇಳಿದವನಲ್ಲ. ಆಗಲಿ ಎಂದೆ. ಎರಡನೇ ಯೋಚನೆ ಮಾಡಲಿಲ್ಲ.

ಮರುದಿನ ಅತ್ತಿಗೆ ಬಂದಳು. ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ. ಅತ್ತಿಗೆ ನಾದಿನಿಯರ ನಡುವೆ ಇರುವ ಸಣ್ಣಪುಟ್ಟ ಮುನಿಸುಗಳೆಲ್ಲ ನಮ್ಮಲ್ಲೂ ಇದ್ದವು. ಆದರೆ ಅವತ್ತು ಅವಳು ಜಗಳಕ್ಕೆ ಬಂದಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಮೇಜಿನ ಮೇಲಿದ್ದ ಕಾರನ್ನು ನೋಡುತ್ತಾ ಮಾತಾಡಿದಳು.

"ಅವರು ಏನು ಕೇಳೋಕೆ ಬಂದಿದ್ರು ಅಂತ ನನಗೆ ಗೊತ್ತು. ಮಾಡ್ಕೊಡಬೇಡ. ಬೇಜಾರಾದ್ರೆ ಆಗ್ಲಿ, ನಾಲ್ಕು ದಿನ ಊಟ ಬಿಡ್ತಾರೆ, ಆಮೇಲೆ ಸರಿ ಹೋಗ್ತಾರೆ. ಕಾಗದ ಸುತ್ತಿಕೊಂಡು ಮನೆಗೆ ಬರಲಿ. ನನಗೆ ಅಷ್ಟೇ ಬೇಕಾಗಿರೋದು."

ನಾನು ಅವಳಿಗೆ ಕೆಟ್ಟದಾಗಿ ಉತ್ತರ ಕೊಟ್ಟೆ. ಗಂಡನ ಮಾನ ಹೋದರೂ ನಿಮಗೆ ಚಿಂತೆಯಿಲ್ಲವಲ್ಲ ಅತ್ತಿಗೆ, ಅಣ್ಣ ಏನು ಎನ್ನುವುದು ನಿಮಗೆ ಈ ಜನ್ಮದಲ್ಲಿ ಅರ್ಥವಾಗುವುದಿಲ್ಲ ಎಂದೆ. ಅವಳು ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಕೆಲಸ ಶುರು ಮಾಡಿದೆ. ಹಲ್ಲಿಗೂ ಮಡ್‌ಗಾರ್ಡಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಯಾರಾದರೂ ಕೇಳಬಹುದು. ಇದೆ. ಬಾಯಿಯ ಅಚ್ಚು ತೆಗೆದ ಹಾಗೆಯೇ ಚಕ್ರದ್ದೂ ಅದರ ಸುತ್ತಲಿನ ಮೈಯದ್ದೂ ಅಚ್ಚು ತೆಗೆದೆ. ಪ್ಲಾಸ್ಟರ್ ಹುಯ್ದು ಚಕ್ರದ ಪಡಿಯಚ್ಚು ಮಾಡಿದೆ. ಅದರ ಮೇಲೆ ಒಂದೇ ದಪ್ಪದ ಮೇಣದ ಹಾಳೆ ಹೊದಿಸಿದೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಸಂದು ಬೇಕೋ ಅಷ್ಟೇ ದಪ್ಪದ್ದು. ಕಪಾಟಿನ ಬಾಗಿಲಿಗೆ ಅಂಟಿಸುವ ಕಾಗದದಂಥ ತೆಳು ಮರದ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಆ ಮೇಣದ ಮೇಲೆ ಬಾಗಿಸಿ ಕಟ್ಟಿದೆ. ಒಣಗಿದ ಮೇಲೆ ಮೂರು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ, ಹಲ್ಲು ಉಜ್ಜುವ ಸಣ್ಣ ಕಲ್ಲಿನಿಂದ ಅಂಚು ತಿದ್ದಿದೆ.

ಮೊದಲ ಎರಡು ಕೂತವು. ಮೂರನೆಯದು ಚಕ್ರ ತಿರುಗಿದಾಗ ಎಲ್ಲೋ ತಾಗುತ್ತಿತ್ತು, ಎಲ್ಲಿ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಹೊಸ ಹಲ್ಲು ಹಾಕಿದಾಗ ಡಾಕ್ಟರು ಒಂದು ನೀಲಿ ಕಾಗದ ಕೊಟ್ಟು ಕಚ್ಚಿ ಎನ್ನುತ್ತಾರಲ್ಲ, ಎತ್ತರವಿದ್ದ ಕಡೆ ಮಾತ್ರ ನೀಲಿ ಹತ್ತುತ್ತದೆ. ಅದೇ ಕಾಗದವನ್ನು ಸಂದಿಗೆ ಸೇರಿಸಿ ಚಕ್ರ ತಿರುಗಿಸಿದೆ. ಸಾಸಿವೆಯಷ್ಟು ನೀಲಿ ಚುಕ್ಕೆ ಬಿತ್ತು. ಅದೊಂದನ್ನೇ ಉಜ್ಜಿದೆ. ಚಕ್ರ ಗಾಳಿಯಲ್ಲಿ ತಿರುಗಿದ ಹಾಗೆ ತಿರುಗಿತು. ನನಗಾದ ಖುಷಿಯನ್ನು ಇವತ್ತು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಕಾರಿನ ಮೈ ನೂರ ನಲವತ್ತಾರು ಗ್ರಾಂ ಇತ್ತು. ನಾಲ್ಕು ಮಡ್‌ಗಾರ್ಡು ಸೇರಿ ಒಂಬತ್ತು. ಐದು ಗ್ರಾಂ ಹೆಚ್ಚಾಯಿತು. ಕಾರನ್ನು ಬೋರಲು ಹಾಕಿ, ಹೊಟ್ಟೆಯ ಕಡೆ ಯಾರಿಗೂ ಕಾಣದಂತೆ ಆರು ಗ್ರಾಂ ಮರ ಕೊರೆದು ತೆಗೆದೆ.

ಎಂಟು ದಿನಕ್ಕೆ ಕೆಲಸ ಮುಗಿಯಿತು. ಅಣ್ಣ ಬಂದು ಕಾರನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದ. ಅವನ ಕೈಯಲ್ಲಿ ಕಾರಿನ ಚಕ್ರಗಳು ಗಡಗಡ ಎನ್ನುತ್ತಿದ್ದವು. ಬಹಳ ಹೊತ್ತು ನೋಡಿದ. ಹೊಗಳುತ್ತಾನೆ ಎಂದು ನಾನು ಕಾಯುತ್ತಿದ್ದೆ.

"ಇಷ್ಟು ಚೆನ್ನಾಗಿ ಬೇಡ ಕಣೆ," ಎಂದ. "ಒಂದನ್ನಾದ್ರೂ ಸ್ವಲ್ಪ ಕೆಡಿಸು. ಕೈ ಚೆನ್ನಾಗಿದ್ದಾಗ್ಲೂ ನಾನು ಹೀಗೆ ಮಾಡಿರಲಿಲ್ಲ."

ಅವನು ಹೇಳಿದ್ದು ನಿಜ. ಒಂದರ ಅಂಚನ್ನು ಸ್ವಲ್ಪ ಒರಟು ಮಾಡಿದ್ದರೆ, ಒಂದು ಕಮಾನು ಚೂರು ವಾರೆಯಾಗಿದ್ದರೆ ಪರವಾಗಿಲ್ಲ ಎನ್ನುವ ಕೆಲಸವಾಗುತ್ತಿತ್ತು. ಅವನು ತನ್ನ ಹಳೆಯ ಮೆಷಿನ್ನಿನ ಮುಂದೆ, ಮುಚ್ಚಿದ ಕಣ್ಣಿಗೂ ಗೊತ್ತಿದ್ದ ಜಾಗದಲ್ಲಿ, ಇನ್ನೊಂದೆರಡು ವರ್ಷ ದೂಡುತ್ತಿದ್ದ. ಉಜ್ಜುವ ಕಲ್ಲು ನನ್ನ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ನಾನು ಮುಟ್ಟಲಿಲ್ಲ. ಕೆಟ್ಟದಾಗಿ ಮಾಡೋದನ್ನ ನಾನು ಕಲಿತಿಲ್ಲ, ಕಲಿಸಿದವನು ನೀನೇ ಎಂದು ಅವನ ಮೇಲೆಯೇ ಮಾತು ತಿರುಗಿಸಿದೆ. ಅವನು ನಕ್ಕು, ಕಾರನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

ಓಟದ ದಿನ ಮನೆಯವರಿಗೂ ಪ್ರವೇಶವಿತ್ತು. ನಾನು ಹೋದೆ, ಅತ್ತಿಗೆ ಬರಲಿಲ್ಲ. ಬೇರೆಯವರ ಕಾರುಗಳ ಮಡ್‌ಗಾರ್ಡು ನೋಡಿ ನನಗೆ ಒಳಗೊಳಗೇ ನಗು. ಒಬ್ಬರದು ಹೆಂಚು ಹೊದಿಸಿದ ಹಾಗೆ, ಇನ್ನೊಬ್ಬರದು ಮುರಿದ ಬಳೆ ಅಂಟಿಸಿದ ಹಾಗೆ. ಪಾಲಿಶಿನವರ ಕಾರು ಮಡ್‌ಗಾರ್ಡಿಗೆ ತಾಗಿ ಕಿರ್ರೆನ್ನುತ್ತಾ ಇಳಿಜಾರಿನ ನಡುವೆಯೇ ನಿಂತುಬಿಟ್ಟಿತು. ಅಣ್ಣನ ಕಾರು ಸದ್ದಿಲ್ಲದೆ ಇಳಿದು ಎಲ್ಲರಿಗಿಂತ ಮೊದಲು ಹೋಗಿ ಕೊನೆಯಲ್ಲಿಟ್ಟಿದ್ದ ಮೆತ್ತೆಗೆ ಬಡಿಯಿತು. ಜನ ಚಪ್ಪಾಳೆ ಹೊಡೆದರು. ಅಣ್ಣ ಕೈಗಳನ್ನು ಪ್ಯಾಂಟಿನ ಜೇಬಿನಿಂದ ತೆಗೆಯಲೇ ಇಲ್ಲ.

ಮೇಸ್ತ್ರಿ ಕಾರನ್ನು ಎತ್ತಿಕೊಂಡ. ಮಡ್‌ಗಾರ್ಡಿನ ಮೇಲೆ ಹೆಬ್ಬೆರಳಾಡಿಸಿದ. ಜೇಬಿನಿಂದ ಒಂದು ಚೀಟಿ ತೆಗೆದು ಚಕ್ರದ ಸಂದಿಯಲ್ಲಿ ತೂರಿಸಿದ. ನಾಲ್ಕು ಕಡೆಯೂ ಒಂದೇ ಬಿಗುವಿನಲ್ಲಿ ಹೋಗಿ ಬಂತು. ಅವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಎಲ್ಲರಿಗೂ ಕೇಳುವ ಹಾಗೆ, ಈ ಕೈ ನಡುಗುತ್ತದೆ ಎಂದವರು ಯಾರು, ಮುಂದೆ ಬನ್ನಿ ಎಂದ. ಯಾರೂ ಬರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಆ ಫ್ಯಾಕ್ಟರಿಯಲ್ಲಿ ಅಂಚು ಕೊರೆಯುವ ಮೆಷಿನ್ ಒಂದಿದೆ. ಮೇಜಿನ ನಡುವೆ ಕತ್ತಿಯಂಥ ಅಲಗುಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಸುತ್ತುತ್ತವೆ. ಮರವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಅದರ ಬಳಿ ಸರಿಸಬೇಕು. ಬಾಗಿದ ತುಂಡುಗಳಿಗೆ ಅಂಚು ಕೊರೆಯಲು ಅದನ್ನು ನಡೆಸುತ್ತಿದ್ದವನು ಕೆಲಸ ಬಿಟ್ಟು ಹೋಗಿದ್ದ. ಆ ಜಾಗಕ್ಕೆ ಅತಿ ನಯವಾದ, ಸ್ಥಿರವಾದ ಕೈ ಬೇಕಿತ್ತು. ಮಡ್‌ಗಾರ್ಡು ನೋಡಿದ ಮೇಲೆ ಮೇಸ್ತ್ರಿಗೆ ಬೇರೆ ಯಾರನ್ನೂ ಹುಡುಕುವ ಅಗತ್ಯ ಕಾಣಲಿಲ್ಲ. ಅಲ್ಲೇ, ಅಂಗಳದಲ್ಲೇ, ಸೋಮವಾರದಿಂದ ಗುರುಗಳು ಆ ಮೆಷಿನ್ನಿಗೆ ಎಂದು ಹೇಳಿಬಿಟ್ಟ. ಅದು ಗೌರವ. ಬೇಡ ಎನ್ನಲು ಒಂದೇ ಕಾರಣವಿತ್ತು, ಆ ಕಾರಣವನ್ನು ಹೇಳುವ ಹಾಗಿರಲಿಲ್ಲ. ಅಣ್ಣ ಜನರ ನಡುವಿನಿಂದ ನನ್ನ ಕಡೆ ನೋಡಿದ. ಆಮೇಲೆ ಆಗಲಿ ಎಂದು ತಲೆಯಾಡಿಸಿದ.

ಆಗ ಬಾಯಿ ಬಿಡಬಹುದಿತ್ತು. ಅದು ನನ್ನ ಕೆಲಸ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಷ್ಟು ಜನರ ಮುಂದೆ ಅವನ ತಲೆ ತಗ್ಗಿಸಲು ಮನಸ್ಸಾಗಲಿಲ್ಲ, ನಾಳೆ ನೋಡೋಣ ಎಂದುಕೊಂಡೆ. ಮರುದಿನ ಅವನ ಮನೆಗೆ ಹೋಗಿ, ಹೇಳಿಬಿಡೋಣ ಅಣ್ಣ ಎಂದಾಗ ಅವನು ಸಿಟ್ಟಾದ. ಹುಷಾರಾಗಿ ಮಾಡುತ್ತೇನೆ, ಒತ್ತಿ ಹಿಡಿದಾಗ ಕೈ ನಡುಗುವುದಿಲ್ಲ, ಸುಮ್ಮನಿದ್ದಾಗ ಮಾತ್ರ ನಡುಗುತ್ತದೆ ಎಂದ. ನಾನು ನಂಬಿದೆ. ನಂಬಿದರೆ ನನಗೂ ಅನುಕೂಲವಿತ್ತು. ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಹದಿನೇಳು ದಿನ ಅವನು ಆ ಮೆಷಿನ್ ನಡೆಸಿದ. ಹದಿನೆಂಟನೆಯ ದಿನ ಬೆಳಿಗ್ಗೆ ಹತ್ತೂಕಾಲಿಗೆ ಬಲಗೈಯ ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿಯಿತು. ಮೇಸ್ತ್ರಿಯೇ ಅವನನ್ನು ಎತ್ತಿಕೊಂಡು ಗೇಟಿನವರೆಗೆ ಓಡಿದನಂತೆ. ನಾನು ಆಗ ಯಾರದೋ ಕೆಳದವಡೆಯ ಸೆಟ್ಟಿಗೆ ಮೇಣ ಕಾಯಿಸುತ್ತಿದ್ದೆ. ಸುದ್ದಿ ಬಂದಾಗ ಉರಿಯುವ ದೀಪ ಆರಿಸದೆ ಹಾಗೇ ಓಡಿದೆ.

ಆಸ್ಪತ್ರೆಯಲ್ಲಿ ಅತ್ತಿಗೆ ನನ್ನ ಜೊತೆ ಮಾತಾಡಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆ. ಹನ್ನೊಂದು ದಿನ ನಾವಿಬ್ಬರೂ ಒಂದೇ ಮಂಚದ ಎರಡು ಕಡೆ ಕೂತಿದ್ದೆವು. ಅವಳು ಅವನ ಮೈ ಒರೆಸುತ್ತಿದ್ದಳು, ನಾನು ಔಷಧಿ ತರುತ್ತಿದ್ದೆ.

ಹನ್ನೆರಡನೆಯ ದಿನ ಮಧ್ಯಾಹ್ನ ಮೇಸ್ತ್ರಿ ಬಂದ. ಹತ್ತು ವರ್ಷ ಹೆಚ್ಚು ವಯಸ್ಸಾದವನ ಹಾಗೆ ಕಾಣುತ್ತಿದ್ದ. ಫ್ಯಾಕ್ಟರಿಯಲ್ಲಿ ವಿಚಾರಣೆ ಶುರುವಾಗಿತ್ತು. ಕೈ ನಡುಗುವ ಮನುಷ್ಯನನ್ನು ಆ ಮೆಷಿನ್ ಮುಂದೆ ನಿಲ್ಲಿಸಿದ್ದು ನೀನೇ ಎಂದು ಎಲ್ಲರೂ ಅವನ ಕಡೆ ಬೆರಳು ತೋರಿಸುತ್ತಿದ್ದರಂತೆ. ಅವನಿಗೆ ತನ್ನ ಕೆಲಸ ಉಳಿಸಿಕೊಳ್ಳುವುದಕ್ಕಿಂತ ಬೇರೆಯದೇ ಬೇಕಾಗಿತ್ತು. ಕಣ್ಣು ಮುಚ್ಚಿದರೆ ಆ ಮೇಜು ಕಾಣುತ್ತದೆ, ತಾನು ಗುರುವಿನ ಕೈ ಕತ್ತರಿಸಿದೆನೇ ಎಂದು ಅನ್ನಿಸುತ್ತದೆ ಎಂದ; ಆ ಮಡ್‌ಗಾರ್ಡು ನಿಜವಾಗಿ ಯಾರು ಮಾಡಿದ್ದು ಎಂದು ಕೇಳಿದ.

ಅಣ್ಣ ದಿಂಬಿಗೆ ಒರಗಿ ಕೂತಿದ್ದ. ಬಲಗೈಗೆ ಬಿಳಿ ಕಟ್ಟು. ಮೇಸ್ತ್ರಿಯನ್ನು ಬಾಗಿಲಲ್ಲಿ ಕಂಡ ಕೂಡಲೇ ಎಡಗೈಯನ್ನು ಹೊದಿಕೆಯ ಒಳಗೆ ಸೇರಿಸಿಕೊಂಡಿದ್ದ.

"ಮಡ್‌ಗಾರ್ಡ್ ನಾನೇ ಮಾಡಿದ್ದು," ಎಂದ. "ಕೈ ಚೆನ್ನಾಗೇ ಇತ್ತು. ಮರದಲ್ಲಿ ಗಂಟಿತ್ತು, ಜಾರಿತು. ನಿನ್ನ ತಪ್ಪಲ್ಲ."

ಮೇಸ್ತ್ರಿ ನನ್ನ ಕಡೆ ತಿರುಗಿದ. "ಅಕ್ಕಾ, ಅವರು ಮಾಡುವಾಗ ನೀವು ನೋಡಿದ್ರಾ?"

ಅತ್ತಿಗೆ ತಲೆ ಎತ್ತಿದಳು. ಅಣ್ಣ ನನ್ನನ್ನೇ ನೋಡುತ್ತಿದ್ದ. ನಿಜ ಹೇಳಿದರೆ ಅಣ್ಣನಿಗೆ ಉಳಿದಿರುವ ಒಂದೇ ಒಂದು ಹೆಸರೂ ಹೋಗುತ್ತದೆ, ಈ ಮೇಸ್ತ್ರಿ ಮೋಸ ಹೋದೆನೆಂದು ಇನ್ನಷ್ಟು ಕುಸಿಯುತ್ತಾನೆ. ಸುಳ್ಳು ಹೇಳಿದರೆ ಇಬ್ಬರೂ ಬದುಕಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದೆ. ಇದೂ ಪೂರ್ತಿ ನಿಜವಲ್ಲ. ನನಗೆ ಹೆದರಿಕೆಯಾಗಿತ್ತು.

"ನೋಡಿದೆ," ಎಂದೆ. "ಕೈ ನಡುಗ್ತಿರಲಿಲ್ಲ."

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅಷ್ಟು ಸಾಕಕ್ಕಾ, ಇನ್ನು ನಾನು ಉಸಿರಾಡುತ್ತೇನೆ ಎಂದ. ಹೋಗುವಾಗ ನನಗೆ ಕೈಮುಗಿದ. ನಾನೂ ಮುಗಿದೆ.

ಅವನ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಹೋಯಿತು. ಊಟದ ತಟ್ಟೆ ಬಂತು. ಅಣ್ಣ ಹೊದಿಕೆಯಿಂದ ಎಡಗೈ ತೆಗೆದು ಚಮಚ ಹಿಡಿದ. ಅದು ತಟ್ಟೆಯ ಅಂಚಿಗೆ ಟಕಟಕ ಬಡಿಯಿತು, ತುತ್ತು ಹಾಸಿಗೆಯ ಮೇಲೆ ಚೆಲ್ಲಿತು. ಅತ್ತಿಗೆ ಎದ್ದು ಅವನ ಕೈಯಿಂದ ಚಮಚ ಬಿಡಿಸಿಕೊಂಡಳು. ಮಂಚ ಸುತ್ತಿ ನನ್ನ ಹತ್ತಿರ ಬಂದು, ಚಮಚವನ್ನು ನನ್ನ ಕೈಯಲ್ಲಿಟ್ಟಳು.

"ಅವರ ಕೈಕೆಲಸ ನೀನೇ ಮಾಡ್ತೀಯಲ್ಲ. ಇದನ್ನೂ ನೀನೇ ಮಾಡು."

ಅಷ್ಟು ಹೇಳಿ ಹೊರಗಿನ ಬೆಂಚಿಗೆ ಹೋಗಿ ಕೂತಳು.

ಅಣ್ಣ ಗೋಡೆಯ ಕಡೆ ನೋಡುತ್ತಾ ಬಾಯಿ ತೆರೆದ. ನಾನು ಒಂದೊಂದೇ ಚಮಚ ತಿನ್ನಿಸಿದೆ. ತಟ್ಟೆ ಖಾಲಿಯಾಗುವವರೆಗೂ ನನ್ನ ಕೈ ಒಂದಿಷ್ಟೂ ನಡುಗಲಿಲ್ಲ, ಒಂದು ಅಗುಳೂ ಚೆಲ್ಲಲಿಲ್ಲ. ಆ ಕೈಯನ್ನು ನೋಡಿ ನನಗೆ ಹೇಸಿಗೆಯಾಯಿತು.